ಪುರಸಭೆಯೂ ಪುರದ ನೀರೂ

ಮನೆಯಲ್ಲಿ ಕೊಳಾಯಿಯನ್ನು ತಿರುಗಿಸಿದೊಡನೆ ನೀರು ಬಂದರೆ ಅದರ ವಿಷಯವಾಗಿ ನಾವಾರೂ ಆಲೋಚಿಸುವುದಿಲ್ಲ. ಅದು ಬಾರದ ದಿನ ಮಾತ್ರ ಪುರಸಭೆಯೆಂಬುದೊಂದುಂಟೆಂದು ನಮ್ಮ ನೆನಪಿಗೆ ಬರುತ್ತದೆ. ಹೊಟ್ಟೆಯೊಂದಿದೆಯೆಂಬ ಅರಿವು ಹೊಟ್ಟೆನೋವು ಬಂದಾಗಲೇ ಆಗುವಂತೆ, ಪೌರಾಡಳಿತವೊಂದಿದೆಯೆಂಬ ಅರಿವೂ ಅದು ಕೆಟ್ಟಾಗಲೇ ಆಗುವುದು. ರಾಜ್ಯದ ರಾಜಕಾರಣವನ್ನೂ ದೇಶದೇಶಗಳ ಯುದ್ಧಸಂಧಾನಗಳನ್ನೂ ಕುರಿತು ಗಂಟೆಗಟ್ಟಲೆ ಚರ್ಚಿಸಬಲ್ಲ ವಿದ್ಯಾವಂತರು, ತಮ್ಮ ಬೀದಿಯ ಚರಂಡಿಯು ಯಾವ ಹಳ್ಳವನ್ನು ಸೇರುವುದೆಂದು ಕೇಳಿದರೆ ಸುಮ್ಮನಾಗುತ್ತಾರೆ.

ಇದನ್ನು ಪರನಿಂದೆಯಾಗಿ ಹೇಳುತ್ತಿಲ್ಲ. ಕೆಲವು ಕಾಲದ ಹಿಂದೆ ನಾವು ತರಗತಿಯಲ್ಲಿ ಪೌರನೀತಿಯ ಪಾಠವನ್ನು ಹೇಳುತ್ತಿದ್ದಾಗ ಹೊರಗೆ ಮಳೆಯು ಜೋರಾಗಿ ಸುರಿಯತೊಡಗಿತು. ಮಾತು ಕೇಳಿಸದಂತಾಗಲು, ಪಾಠವನ್ನು ನಿಲ್ಲಿಸಿ, ಈ ಕಟ್ಟಡದ ಚಾವಣಿಯ ಮೇಲೆ ಬಿದ್ದ ನೀರು ಎಲ್ಲಿಗೆ ಹೋಗುವುದೆಂದು ಬಲ್ಲವರುಂಟೆ ಎಂದು ವಿದ್ಯಾರ್ಥಿಗಳನ್ನು ಕೇಳಿದೆವು. “ಚರಂಡಿಗೆ” ಎಂದನು ಒಬ್ಬನು. ಚರಂಡಿಯಿಂದ ಮುಂದೆ? ಯಾರೂ ಮಾತನಾಡಲಿಲ್ಲ. ಹಿಂದಿನ ಬೆಂಚಿನಲ್ಲಿದ್ದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಸಾರ್, ತಾವೇ ಹೇಳಬೇಕು” ಎಂದಳು. ನಮಗೂ ತಿಳಿದಿರಲಿಲ್ಲ. ಆ ದಿನದ ಅಜ್ಞಾನವೇ ಈ ಭಾಷಣಕ್ಕೆ ಕಾರಣವಾದುದು.

ಬೆಳೆಯುತ್ತಿರುವ ನಗರವೊಂದು ತನ್ನ ನಾಳೆಯನ್ನು ಕೆಡಿಸಿಕೊಳ್ಳದೆ ಇಂದು ಹೇಗೆ ಬಾಳಬೇಕು ಎಂಬ ಪ್ರಶ್ನೆಗೆ ಪಂಡಿತರು ಸುಸ್ಥಿರ ಅಭಿವೃದ್ಧಿ ಎಂಬ ಹೆಸರನ್ನಿಟ್ಟಿದ್ದಾರೆ. ಈ ಮಾತು ಲೋಕದಲ್ಲೆಲ್ಲ ಹರಡಿದುದು 1987ರಲ್ಲಿ, ವಿಶ್ವಸಂಸ್ಥೆಯು ನೇಮಿಸಿದ್ದ ಬ್ರುಂಟ್‌ಲ್ಯಾಂಡ್ ಆಯೋಗದ ವರದಿ ಪ್ರಕಟವಾದ ತರುವಾಯ. ಹೆಸರು ಹೊಸದಾದರೂ ಭಾವವು ಹಳೆಯದು. ಎಂತಹ ಬರಗಾಲ ಬಂದರೂ ನಮ್ಮ ರೈತನು ಬಿತ್ತನೆಯ ಕಾಳನ್ನು ಕುಟ್ಟಿ ಉಣ್ಣುವುದಿಲ್ಲ. ಉಂಡರೆ ಈ ವರ್ಷದ ಹಸಿವು ತೀರಿ ಮುಂದಿನ ವರ್ಷದ ಹಸಿವು ಶಾಶ್ವತವಾಗುವುದೆಂಬುದನ್ನು ಅವನು ಬಲ್ಲನು. ನಗರಕ್ಕೂ ಬಿತ್ತನೆಯ ಕಾಳೊಂದುಂಟು. ಅದು ನೆಲ, ನೀರು, ಗಾಳಿ. ಇವುಗಳಲ್ಲಿ ನೀರೊಂದನ್ನೇ ಹಿಡಿದು, ಬೆಂಗಳೂರೆಂಬ ಒಂದೇ ಊರನ್ನು ಕಣ್ಣ ಮುಂದಿಟ್ಟುಕೊಂಡು, ಪೌರಾಡಳಿತದ ಧರ್ಮವೇನೆಂಬುದನ್ನು ವಿಚಾರಮಾಡೋಣ.

ಬೆಂಗಳೂರು ಇತರ ಮಹಾನಗರಗಳಂತೆ ನದೀತೀರದಲ್ಲಿಲ್ಲ. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕುಳಿತಿದೆ. ಊರಿನ ನಡುವೆ ಹಾದುಹೋಗುವ ಈ ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿಯನ್ನು ಸೇರಿ, ಅರ್ಕಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ. ಪೂರ್ವಕ್ಕೆ ಬಿದ್ದುದು ಹೆಬ್ಬಾಳ, ಕೋರಮಂಗಲ, ಚಲ್ಲಘಟ್ಟಗಳ ಕಣಿವೆಗಳಲ್ಲಿ ಹರಿದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಎತ್ತರದಲ್ಲಿರುವ ಊರಿನಲ್ಲಿ ನೀರು ನಿಲ್ಲುವುದಿಲ್ಲ, ನಿಲ್ಲಿಸಬೇಕು. 1537ರಲ್ಲಿ ಕೋಟೆ ಪೇಟೆಗಳನ್ನು ಕಟ್ಟಿಸಿದ ಕೆಂಪೇಗೌಡರೂ, ಅವರಿಗಿಂತ ಮೊದಲೂ ಅನಂತರವೂ ಬಂದವರೂ ಈ ಸತ್ಯವನ್ನು ಅರಿತವರೇ ಆಗಿದ್ದರು. ಆದುದರಿಂದಲೇ ಒಂದೊಂದು ಕಣಿವೆಯಲ್ಲಿಯೂ ಏರಿಯನ್ನು ಹಾಕಿ ಕೆರೆಗಳನ್ನು ಕಟ್ಟಿದರು. ಮೇಲಣ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆಯ ಮೂಲಕ ಕೆಳಗಣ ಕೆರೆಗೆ; ಅದು ತುಂಬಿದರೆ ಅದರ ಮುಂದಣ ಕೆರೆಗೆ. ಹೀಗೆ ಮಾಲೆಯಲ್ಲಿ ಮಣಿಗಳನ್ನು ಪೋಣಿಸಿದಂತೆ ಕೆರೆಗಳು ಒಂದಕ್ಕೊಂದು ಹೊಂದಿಕೊಂಡಿದ್ದುವು. ಇವುಗಳನ್ನು ಸೇರಿಸುವ ಕಾಲುವೆಗಳಿಗೇ ರಾಜಕಾಲುವೆಗಳೆಂದು ಹೆಸರು. ಒಂದು ಕೊಂಡಿಯನ್ನು ಕಡಿದರೆ ಕೆಳಗಣ ಕೆರೆ ಒಣಗುವುದು, ಮೇಲಣ ಊರು ಮುಳುಗುವುದು. ಈ ಒಂದು ಮಾತನ್ನು ಶ್ರೋತೃಗಳು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇವೆ.

ಕೆರೆಯನ್ನು ಕಟ್ಟುವುದು ಒಂದು ದಿನದ ಪುಣ್ಯ. ಕಾಪಾಡುವುದು ಪ್ರತಿದಿನದ ಕೆಲಸ. ತೂಬನ್ನು ಎತ್ತಿ ಇಳಿಸುವುದಕ್ಕೆ ನೀರುಗಂಟಿಯಿದ್ದನು. ಬೇಸಗೆಯಲ್ಲಿ ಹೂಳೆತ್ತಿ ಆ ಗೋಡನ್ನು ಹೊಲಗದ್ದೆಗಳಿಗೆ ಹೊಡೆಯುತ್ತಿದ್ದರು. ಈ ಹಳೆಯ ಏರ್ಪಾಡನ್ನು ರಾಮರಾಜ್ಯವೆಂದು ಹೊಗಳುವುದು ನಮ್ಮ ಉದ್ದೇಶವಲ್ಲ. ಊರ ಕೆರೆಬಾವಿಗಳ ನೀರನ್ನು ಮುಟ್ಟಗೊಡದೆ ದೂರವಿಟ್ಟಿದ್ದ ಜನರೂ ಆ ಕಾಲದಲ್ಲಿದ್ದರೆಂಬುದನ್ನು ಮರೆಯಬಾರದು. ಆದರೆ ನೀರಿಗೆ ಯಾರು ಹೊಣೆಯೆಂಬ ಪ್ರಶ್ನೆಗೆ ಅಂದು ಬೆರಳಿಟ್ಟು ತೋರಿಸಬಹುದಾದ ಉತ್ತರವಿದ್ದಿತು.

ಇನ್ನು ಪುರಸಭೆಯ ಕಥೆಗೆ ಬರೋಣ. 1862ರಲ್ಲಿ ಬೆಂಗಳೂರಿನ ಪೇಟೆಗೊಂದು, ದಂಡಿಗೊಂದು, ಹೀಗೆ ಎರಡು ಪುರಸಭೆಗಳು ಹುಟ್ಟಿದುವು. ಇವೆರಡೂ ಒಂದಾಗಿ ನಗರ ಕಾರ್ಪೊರೇಷನ್ ಆದುದು 1949ರಲ್ಲಿ. ಈ ನಡುವಣ ಕಾಲದಲ್ಲಿ ಊರಿಗೆ ಬುದ್ಧಿಯನ್ನು ಕಲಿಸಿದ ಕ್ರೂರ ಗುರುವೆಂದರೆ 1898ರ ಪ್ಲೇಗು. ಗಾಳಿ ಬೆಳಕುಗಳಿಲ್ಲದ ಓಣಿಗಳೂ ಕೊಳಚೆಯೂ ಸಾವಿನ ಮನೆಯೆಂಬುದನ್ನು ಜನರು ಕಣ್ಣಾರೆ ಕಂಡರು. ಅದಕ್ಕೆ ಸ್ವಲ್ಪ ಮೊದಲೇ ಅಳೆಸಿದ್ದ ಮಲ್ಲೇಶ್ವರ, ಬಸವನಗುಡಿಗಳ ಬಡಾವಣೆಗಳು ಆಮೇಲೆ ತ್ವರಿತವಾಗಿ ಬೆಳೆದುವು. ಅಲ್ಲಿನ ಅಗಲವಾದ ಬೀದಿಗಳೂ, ಮನೆಗಳ ಹಿಂದಣ ಕಿರುಗಲ್ಲಿಗಳೂ ಆರೋಗ್ಯದ ಲೆಕ್ಕಾಚಾರದಿಂದ ಹುಟ್ಟಿದುವು. ಊರನ್ನು ಬೆಳೆಯಿಸುವುದೆಂದರೆ ನಿವೇಶನಗಳನ್ನು ಹಂಚುವುದಷ್ಟೇ ಅಲ್ಲವೆಂಬುದನ್ನು ಸಾವು ಕಲಿಸಿತು.

ಅದೇ 1890ರ ದಶಕದಲ್ಲಿ, ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ, ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ ನಗರಕ್ಕೆ ಕೊಳವೆಯ ನೀರು ಬಂದಿತು. ಅದು ಸಾಲದಾಗಲು, ಅರ್ಕಾವತಿ ಕುಮುದ್ವತಿಗಳು ಕೂಡುವ ತಿಪ್ಪಗೊಂಡನಹಳ್ಳಿಯಲ್ಲಿ ಜಲಾಶಯವನ್ನು ಕಟ್ಟಿ 1933ರಲ್ಲಿ ನೀರನ್ನು ತಂದರು. ಕೊಳವೆಯ ನೀರು ದೊಡ್ಡ ವರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ವರದೊಡನೆ ಒಂದು ಶಾಪವೂ ಬಂದಿತು. ನೀರು ದೂರದಿಂದ ಬರತೊಡಗಿದ ಮೇಲೆ ಹತ್ತಿರದ ಕೆರೆ ಯಾರಿಗೂ ಬೇಡವಾಯಿತು. ಬೇಡವಾದ ಕೆರೆ ಸೊಳ್ಳೆಯ ತವರಾಯಿತು. ಸೊಳ್ಳೆಯ ತವರನ್ನು ಮುಚ್ಚುವುದು ಲೋಕೋಪಕಾರವೆನಿಸಿತು. ಮುಚ್ಚಿದ ನೆಲಕ್ಕೆ ಬೆಲೆ ಬಂದಿತು. ಇಂದು ಕೆಂಪೇಗೌಡ ಬಸ್ಸು ನಿಲ್ದಾಣವಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕಂಠೀರವ ಕ್ರೀಡಾಂಗಣವಿರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಕೆರೆಗಳನ್ನು ಉಳಿಸಬೇಕೆಂದು 1980ರ ದಶಕದಲ್ಲಿ ಲಕ್ಷ್ಮಣರಾವ್ ಸಮಿತಿಯು ಸರ್ಕಾರಕ್ಕೆ ಸಲಹೆಯಿತ್ತಿತು. ಅಷ್ಟರಲ್ಲಿ ಅನೇಕ ಕೆರೆಗಳು ಬಡಾವಣೆಗಳ ಹೆಸರುಗಳಲ್ಲಿ ಮಾತ್ರ ಉಳಿದಿದ್ದುವು.

ಊರು ಬೆಳೆದ ವೇಗವನ್ನು ಜನಗಣತಿಯು ಹೇಳುತ್ತದೆ. 1901ರಲ್ಲಿ ಪೇಟೆ ದಂಡುಗಳೆರಡೂ ಸೇರಿ ಸುಮಾರು 1.6 ಲಕ್ಷ ಜನ. 2011ರಲ್ಲಿ ಮಹಾನಗರ ಪಾಲಿಕೆಯ ಎಲ್ಲೆಯೊಳಗೆ ಸುಮಾರು 84 ಲಕ್ಷ ಜನ. ಅರ್ಕಾವತಿಗೆ ಈ ಭಾರವನ್ನು ಹೊರಲಾಗಲಿಲ್ಲ. 1974ರಲ್ಲಿ ಕಾವೇರಿಯ ಮೊದಲನೆಯ ಹಂತದ ನೀರು ಬಂದಿತು. ತರುವಾಯ ಹಂತದ ಮೇಲೆ ಹಂತ ಸೇರಿ, 2012ರ ಹೊತ್ತಿಗೆ ದಿನವೊಂದಕ್ಕೆ ಸುಮಾರು 145 ಕೋಟಿ ಲೀಟರ್ ಆಯಿತು. 2024ರ ಅಕ್ಟೋಬರಿನಲ್ಲಿ ಐದನೆಯ ಹಂತವು ಇನ್ನೂ 77.5 ಕೋಟಿ ಲೀಟರನ್ನು ಕೂಡಿಸಿತು. ಈ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಬರಬೇಕು. ಬರುವ ದಾರಿಯಲ್ಲಿ ಸುಮಾರು 500 ಮೀಟರ್ ಮೇಲಕ್ಕೆ ಏರಬೇಕು. ನೀರು ತಾನಾಗಿ ಏರುವುದಿಲ್ಲವಷ್ಟೆ. ಒಂದು ಸಾವಿರ ಲೀಟರನ್ನು ಅಷ್ಟೆತ್ತರಕ್ಕೆ ಎತ್ತಲು, ಯಂತ್ರದಲ್ಲಿ ಏನೂ ನಷ್ಟವಾಗದಿದ್ದರೂ, ಸುಮಾರು 1.4 ಯೂನಿಟ್ ವಿದ್ಯುತ್ತು ಬೇಕು. ವಾಸ್ತವದಲ್ಲಿ ಇನ್ನೂ ಹೆಚ್ಚು. ನಮ್ಮ ಮನೆಯ ಲೋಟದಲ್ಲಿರುವ ನೀರಿನಲ್ಲಿ ಅರ್ಧ ವಿದ್ಯುತ್ತೇ ಇದೆಯೆಂದರೆ ತಪ್ಪಾಗಲಾರದು.

ಹಾಗಾದರೆ ಇನ್ನೊಂದು ಹಂತ, ಮತ್ತೊಂದು ಹಂತ ಎಂದು ತರುತ್ತಲೇ ಹೋಗಬಹುದೇ? ಕಾವೇರಿಯು ನಮ್ಮೊಬ್ಬರ ಸೊತ್ತಲ್ಲ. 2007ರಲ್ಲಿ ಕಾವೇರಿ ನ್ಯಾಯಮಂಡಲಿಯು ತೀರ್ಪನ್ನಿತ್ತಾಗ, ಬೆಂಗಳೂರಿನ ಮೂರರಲ್ಲೊಂದು ಭಾಗ ಮಾತ್ರ ಕಾವೇರಿಯ ಜಲಾನಯನಕ್ಕೆ ಸೇರಿದುದೆಂದು ಎಣಿಸಿತ್ತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇಡೀ ನಗರದ ಕುಡಿಯುವ ನೀರನ್ನು ಗಮನಕ್ಕೆ ತಂದುಕೊಂಡು 4.75 ಟಿ.ಎಂ.ಸಿ. ನೀರನ್ನು ಹೆಚ್ಚಾಗಿ ಕೊಟ್ಟಿತು. ಮಂಡ್ಯದ ಗದ್ದೆಗೂ ತಂಜಾವೂರಿನ ಗದ್ದೆಗೂ ಬೆಂಗಳೂರಿನ ಕೊಳಾಯಿಗೂ ಒಂದೇ ನದಿ. ನ್ಯಾಯಾಲಯವು ಹೆಚ್ಚು ನೀರನ್ನು ಕೊಡಬಲ್ಲುದು. ಹೆಚ್ಚು ಮಳೆಯನ್ನು ಕೊಡಲಾರದು. 2023ರಲ್ಲಿ ಮುಂಗಾರು ಕೈಕೊಟ್ಟ ತರುವಾಯ 2024ರ ಬೇಸಗೆಯಲ್ಲಿ ಸಾವಿರಾರು ಕೊಳವೆ ಬಾವಿಗಳು ಬತ್ತಿದುವು. ಕುಡಿಯುವ ನೀರಿನಿಂದ ಕಾರನ್ನು ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಲಿಯು ಆಜ್ಞೆ ಮಾಡಬೇಕಾಯಿತು.

ಒಳಗೆ ಬರುವ ನೀರಿನ ಕಥೆ ಇದಾದರೆ, ಹೊರಗೆ ಹೋಗುವ ನೀರಿನ ಕಥೆ ಇನ್ನೊಂದು. ಮನೆಗೆ ಬಂದ ನೀರಿನಲ್ಲಿ ಐದರಲ್ಲಿ ನಾಲ್ಕು ಭಾಗ ಕೊಳೆನೀರಾಗಿ ಹೊರಗೆ ಬೀಳುವುದೆಂದು ಇಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ಅಂದರೆ ಹೆಚ್ಚು ಕಾವೇರಿಯನ್ನು ತಂದಷ್ಟೂ ಹೆಚ್ಚು ಕೊಳೆಯನ್ನು ಸೃಷ್ಟಿಸಿದಂತಾಯಿತು. ತರುವ ಕೊಳವೆಗೆ ಇರುವ ಅವಸರ ಒಯ್ಯುವ ಕೊಳವೆಗೆ ಇಲ್ಲದೆ ಹೋದಾಗ, ಮಳೆಯ ನೀರಿಗೆಂದು ಇದ್ದ ರಾಜಕಾಲುವೆಯೇ ಕೊಳಚೆಯ ಕಾಲುವೆಯಾಯಿತು. ಅದರ ಫಲವನ್ನು ಬೆಳ್ಳಂದೂರು ಕೆರೆಯು ಲೋಕಕ್ಕೆಲ್ಲ ತೋರಿಸಿತು. ಸಾಬೂನು ಮಾರ್ಜಕಗಳ ನೊರೆ ಏರಿಯನ್ನು ದಾಟಿ ರಸ್ತೆಯ ಮೇಲೆ ಹಾರಾಡಿತು. 2017ರಲ್ಲಿಯೂ 2018ರಲ್ಲಿಯೂ ಕೆರೆಗೆ ಬೆಂಕಿ ಬಿದ್ದಿತು. ಅದನ್ನು ಆರಿಸಲು ಸೈನಿಕರೂ ಬರಬೇಕಾಯಿತು. ನೀರಿಗೆ ಬೆಂಕಿ ಬೀಳುವುದು ಪುರಾಣಗಳಲ್ಲಿ ಪ್ರಳಯದ ಲಕ್ಷಣ. ನಮ್ಮ ಊರಿನಲ್ಲಿ ಅದು ಒಂದು ದಿನದ ವರ್ತಮಾನವಾಗಿ ಹೋಯಿತು. 2022ರ ಸೆಪ್ಟೆಂಬರಿನಲ್ಲಿ ಮಳೆ ಸುರಿದಾಗ, ಅದೇ ಪೂರ್ವಭಾಗದಲ್ಲಿ ಸಿರಿವಂತರು ದೋಣಿಗಳಲ್ಲಿಯೂ ಟ್ರಾಕ್ಟರುಗಳಲ್ಲಿಯೂ ಕುಳಿತು ಮನೆ ಬಿಟ್ಟು ಹೊರಟರು. ಕೊಂಡಿಯನ್ನು ಕಡಿದರೆ ಏನಾಗುವುದೆಂದು ಹಿಂದೆ ಹೇಳಿದೆವಷ್ಟೆ; ಇದೇ ಅದು.

ಇದಕ್ಕೆ ಯಾರು ಹೊಣೆ? ಇಲ್ಲಿಯೇ ಪೌರಾಡಳಿತದ ಮರ್ಮವಿದೆ. ನೀರು ಒಂದೇ; ಅದನ್ನಾಳುವವರು ಅನೇಕರು. ಕುಡಿಯುವ ನೀರೂ ಒಳಚರಂಡಿಯೂ 1964ರಲ್ಲಿ ಸ್ಥಾಪಿತವಾದ ಜಲಮಂಡಲಿಯ ಕೈಯಲ್ಲಿ. ಬಡಾವಣೆಗಳನ್ನು ರಚಿಸುವುದೂ ನಗರದ ನಕ್ಷೆಯನ್ನು ಬರೆಯುವುದೂ ಬಹುಕಾಲ 1976ರಲ್ಲಿ ಹುಟ್ಟಿದ ಅಭಿವೃದ್ಧಿ ಪ್ರಾಧಿಕಾರದ ಕೈಯಲ್ಲಿ. ಮಳೆನೀರಿನ ಕಾಲುವೆ, ರಸ್ತೆ, ಕಸ ಇವು ಪಾಲಿಕೆಯ ಕೈಯಲ್ಲಿ. ಕೆರೆಗಳಾದರೋ ಕಾಲಕಾಲಕ್ಕೆ ಕೈಯಿಂದ ಕೈಗೆ ದಾಟಿದುವು. ಕೆರೆಯಲ್ಲಿ ಕೊಳಚೆಯೇಕೆಂದು ಒಬ್ಬರನ್ನು ಕೇಳಿದರೆ ಮತ್ತೊಬ್ಬರ ಬಾಗಿಲನ್ನು ತೋರಿಸಬಹುದು. ಆ ಬಾಗಿಲಿನವರು ಮೂರನೆಯವರದನ್ನು ತೋರಿಸಬಹುದು. ಯಾರೂ ಸುಳ್ಳು ಹೇಳುತ್ತಿಲ್ಲ. ಹೊಣೆಯನ್ನು ಇಷ್ಟು ತುಂಡುಗಳಾಗಿ ಹಂಚಿದರೆ ಅದು ಯಾರ ಕೈಗೂ ಸಿಕ್ಕದಷ್ಟು ಚಿಕ್ಕದಾಗುವುದು ಸಹಜ.

ಈ ಕಷ್ಟಕ್ಕೆ ರಾಜ್ಯಾಂಗದಲ್ಲಿ ಪರಿಹಾರವಿಲ್ಲವೆಂದಲ್ಲ. 1992ರಲ್ಲಿ ಅಂಗೀಕೃತವಾಗಿ 1993ರ ಜೂನ್‌ನಿಂದ ಜಾರಿಗೆ ಬಂದ 74ನೆಯ ತಿದ್ದುಪಡಿಯು ಪುರಸಭೆಗಳನ್ನು ಸ್ವಯಮಾಡಳಿತದ ಸಂಸ್ಥೆಗಳೆಂದು ಕರೆಯಿತು. ನಗರಯೋಜನೆ, ನೀರು ಸರಬರಾಜು ಮೊದಲಾದ 18 ವಿಷಯಗಳನ್ನು ಅವುಗಳಿಗೆ ವಹಿಸಿಕೊಡಬಹುದೆಂದು ಪಟ್ಟಿ ಮಾಡಿತು. ಐದು ವರ್ಷಗಳ ಅವಧಿ ಮುಗಿಯುವ ಮುನ್ನವೇ ಚುನಾವಣೆ ನಡೆಯಬೇಕೆಂದು ವಿಧಿಸಿತು. ಮೂರು ಲಕ್ಷಕ್ಕೆ ಕಡಮೆಯಿಲ್ಲದ ಜನರುಳ್ಳ ಊರುಗಳಲ್ಲಿ ವಾರ್ಡು ಸಮಿತಿಗಳಿರಬೇಕೆಂದೂ ಹೇಳಿತು. ಶಾಸನವು ಹೀಗಿದ್ದರೂ, 2007ರಲ್ಲಿ ನೆರೆಯ ಪಟ್ಟಣಗಳನ್ನೂ 110 ಹಳ್ಳಿಗಳನ್ನೂ ಸೇರಿಸಿಕೊಂಡು ಬೃಹತ್ತಾದ ಮಹಾನಗರ ಪಾಲಿಕೆಯ ಚುನಾಯಿತ ಸಭೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಅನಂತರ ಆ ಪಾಲಿಕೆಗೆ ಚುನಾವಣೆಯೇ ನಡೆಯಲಿಲ್ಲ. ನೆರೆಯೂ ಬರವೂ ಬಂದುಹೋದ ಆ ವರ್ಷಗಳಲ್ಲಿ, ನಮ್ಮ ವಾರ್ಡಿನ ಸದಸ್ಯರೆಂದು ಹೋಗಿ ಕೇಳುವುದಕ್ಕೆ ಪೌರನಿಗೆ ಒಬ್ಬರೂ ಇರಲಿಲ್ಲ. 2025ರಲ್ಲಿ ಹೊಸ ಶಾಸನ ಜಾರಿಗೆ ಬಂದು, ಆ ವರ್ಷದ ಸೆಪ್ಟೆಂಬರಿನಲ್ಲಿ ಪಾಲಿಕೆಯು ಐದು ನಗರ ಪಾಲಿಕೆಗಳಾಗಿ ಒಡೆಯಿತು. ಅವುಗಳ ಮೇಲೆ ಮುಖ್ಯಮಂತ್ರಿಗಳ ಅಧ್ಯಕ್ಷತೆಯಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೆಂಬುದು ಬಂದಿತು. ಪಾಲಿಕೆ ಚಿಕ್ಕದಾದರೆ ಪೌರನಿಗೆ ಹತ್ತಿರವಾಗುವುದೆಂಬ ವಾದದಲ್ಲಿ ಹುರುಳಿದೆ. ಎಲ್ಲವನ್ನೂ ಕೂಡಿಸಿ ನೋಡುವ ಕಣ್ಣೊಂದು ಬೇಕೆಂಬುದೂ ದಿಟ. ಆದರೆ ಕೆರೆಯ ಮಾಲೆಯು ಪಾಲಿಕೆಯ ಗಡಿಯನ್ನು ನೋಡಿ ಹರಿಯುವುದಿಲ್ಲ. ಮೇಲಣ ಪಾಲಿಕೆಯ ಕೊಳಚೆ ಕೆಳಗಣ ಪಾಲಿಕೆಯ ಕೆರೆಗೆ ಬಿದ್ದರೆ ಉತ್ತರ ಹೇಳುವವರು ಯಾರೆಂಬುದನ್ನು ಮೊದಲೇ ಗೊತ್ತುಮಾಡಬೇಕು.

ಹಣದ ಮಾತನ್ನೂ ಬಿಡುವಂತಿಲ್ಲ. ಪುರಸಭೆಯ ಸ್ವಂತ ಆದಾಯದ ಬೆನ್ನೆಲುಬು ಆಸ್ತಿ ತೆರಿಗೆ. ಮನೆಯ ಯಜಮಾನನೇ ತನ್ನ ತೆರಿಗೆಯನ್ನು ಲೆಕ್ಕಹಾಕಿ ಕಟ್ಟುವ ಕ್ರಮ ಬೆಂಗಳೂರಿನಲ್ಲಿ 2000ದಲ್ಲಿ ಬಂದಿತು. ಅದು ಪೌರನ ಪ್ರಾಮಾಣಿಕತೆಯನ್ನು ನಂಬಿದ ಏರ್ಪಾಡು. ಮಹಡಿಯೊಂದನ್ನು ಮರೆಮಾಚಿ ಲೆಕ್ಕ ಬರೆಯುವವನು ಆ ನಂಬಿಕೆಯನ್ನು ಕದಿಯುತ್ತಾನೆ. ಇನ್ನು ನೀರಿನ ದರದ ವಿಚಾರ. ಕೊಳಾಯಿಯುಳ್ಳವನು ಪಡೆಯುವ ಕಾವೇರಿಯ ನೀರು ಅಗ್ಗ. ಕೊಳಾಯಿಯಿಲ್ಲದವನು ಕೊಳ್ಳುವ ಟ್ಯಾಂಕರಿನ ನೀರು ಬಲು ದುಬಾರಿ. ಊರಿನಂಚಿನಲ್ಲಿ ಬಿಂದಿಗೆ ಹಿಡಿದು ಸಾಲಿನಲ್ಲಿ ನಿಲ್ಲುವ ತಾಯಿಯು, ಬಂಗಲೆಯ ತೋಟಕ್ಕೆ ನೀರು ಹಾಯಿಸುವವನಿಗಿಂತ ಲೀಟರಿಗೆ ಹೆಚ್ಚು ಬೆಲೆಯನ್ನು ತೆರುತ್ತಾಳೆ. ಅಭಿವೃದ್ಧಿಯು ಸುಸ್ಥಿರವೋ ಅಲ್ಲವೋ ಎಂಬುದನ್ನು ಅಳೆಯಲು ಆ ಬಿಂದಿಗೆಗಿಂತ ನಂಬಿಕೆಯಾದ ಅಳತೆ ಬೇರೆಯಿಲ್ಲವೆಂದು ನಮ್ಮ ಅಭಿಪ್ರಾಯ.

ಮಾಡತಕ್ಕುದೇನು? ಮೊದಲನೆಯದು, ಆಕಾಶದಿಂದ ಬರುವ ನೀರು. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ ಸುಮಾರು 970 ಮಿಲಿಮೀಟರ್ ಮಳೆಯಾಗುತ್ತದೆ. 1,000 ಚದರ ಅಡಿಯ ಚಾವಣಿಯ ಮೇಲೆ ಬೀಳುವುದು ವರ್ಷಕ್ಕೆ ಸುಮಾರು 90,000 ಲೀಟರ್. ಐದರಲ್ಲೊಂದು ಪಾಲು ನಷ್ಟವಾಯಿತೆಂದಿಟ್ಟುಕೊಂಡರೂ 72,000 ಲೀಟರ್ ಉಳಿಯುತ್ತದೆ. ತಲೆಗೆ ದಿನಕ್ಕೆ 135 ಲೀಟರ್ ಎಂಬ ಸರ್ಕಾರದ ಅಳತೆಯಂತೆ ನಾಲ್ಕು ಜನರ ಸಂಸಾರಕ್ಕೆ ಇದು ನಾಲ್ಕು ತಿಂಗಳಿಗೂ ಮಿಕ್ಕು ಸಾಲುವುದು. ಅಷ್ಟನ್ನೂ ಕೂಡಿಡಲು ತೊಟ್ಟಿಯಿಲ್ಲದಿದ್ದರೆ ಇಂಗುಗುಂಡಿಯ ಮೂಲಕ ನೆಲಕ್ಕೆ ಕುಡಿಸಬಹುದು. 2009ರಲ್ಲಿಯೇ ಶಾಸನವು ಇದನ್ನು ಕಡ್ಡಾಯಗೊಳಿಸಿತು; ಶಾಸನಕ್ಕೆ ಹೆದರಿ ಮಾಡಿದವರು ಉಂಟು, ಕೊಳವೆಯೊಂದನ್ನು ತೋರಿಕೆಗೆ ಇಳಿಯಬಿಟ್ಟು ಸುಮ್ಮನಾದವರೂ ಉಂಟು.

ಎರಡನೆಯದು, ಒಮ್ಮೆ ಬಳಸಿದ ನೀರು. ಕೊಳೆನೀರನ್ನು ಶುದ್ಧಿಮಾಡಿದರೆ ಅದೇ ಊರಿನ ಇನ್ನೊಂದು ನದಿ. ಜಕ್ಕೂರಿನಲ್ಲಿ ಶುದ್ಧೀಕರಿಸಿದ ನೀರು ಜೊಂಡು ಹುಲ್ಲು ಬೆಳೆದ ಜೌಗಿನ ಮೂಲಕ ಸೋಸಿ ಕೆರೆಯನ್ನು ಸೇರುತ್ತದೆ. ಕೆರೆಯಲ್ಲಿ ಹಕ್ಕಿಗಳಿವೆ, ಮೀನುಗಾರರಿದ್ದಾರೆ. 2018ರಿಂದ ಕೋರಮಂಗಲ ಚಲ್ಲಘಟ್ಟಗಳ ಕಣಿವೆಯ ಸಂಸ್ಕರಿಸಿದ ನೀರನ್ನು ಕೋಲಾರದ ಒಣಗಿದ ಕೆರೆಗಳಿಗೆ ಹರಿಸತೊಡಗಿದರು. ದಿನಕ್ಕೆ 44 ಕೋಟಿ ಲೀಟರ್ ಆ ಯೋಜನೆಯ ಗುರಿ. ಅದನ್ನು ಇನ್ನೂ ಒಂದು ಹಂತ ಹೆಚ್ಚಾಗಿ ಶುದ್ಧಿಮಾಡಬೇಕೆಂದು ಅಲ್ಲಿನ ಜನರು ಕೇಳಿದುದು ನ್ಯಾಯವಾಗಿಯೇ ಇದೆ. ನಾವು ಕುಡಿದು ಬಿಟ್ಟುದನ್ನು ನೆರೆಯವನಿಗೆ ಕೊಡುವಾಗ ತೊಳೆದು ಕೊಡುವುದು ಮರ್ಯಾದೆ.

ಮೂರನೆಯದು, ಸೋರಿಹೋಗುವ ನೀರು. ಅಷ್ಟು ದೂರದಿಂದ, ಅಷ್ಟೆತ್ತರಕ್ಕೆ ತಂದ ನೀರಿನಲ್ಲಿ ಕಾಲುಭಾಗದಷ್ಟಾದರೂ ಲೆಕ್ಕಕ್ಕೆ ಸಿಕ್ಕದೆ ಹೋಗುತ್ತಿದ್ದುದನ್ನು ಜಲಮಂಡಲಿಯೇ ಒಪ್ಪಿಕೊಂಡಿತ್ತು. ಸೋರುವ ಕೊಡವನ್ನು ತುಂಬುವುದಕ್ಕಿಂತ ಕೊಡವನ್ನು ಬೆಸೆಯುವುದು ಅಗ್ಗವೆಂಬುದನ್ನು ಹೇಳಬೇಕಾದುದಿಲ್ಲ. ಆದರೆ ಹೊಸ ಯೋಜನೆಯ ಉದ್ಘಾಟನೆಗೆ ದೊರೆಯುವ ಮೇಳತಾಳಗಳು ಬೆಸುಗೆಯ ಕೆಲಸಕ್ಕೆ ದೊರೆಯುವುದಿಲ್ಲ.

ನಾಲ್ಕನೆಯದೂ ಕಟ್ಟಕಡೆಯದೂ, ಪೌರನ ಕಣ್ಣು. ಕೈಕೊಂಡ್ರಹಳ್ಳಿಯ ಕೆರೆಯು ಹಾಳಾಗದೆ ಮರಳಿ ಕೆರೆಯಾದುದು ಪಾಲಿಕೆಯ ಹಣದೊಡನೆ ಸುತ್ತಲಿನ ನಿವಾಸಿಗಳ ಕಾವಲೂ ಸೇರಿದುದರಿಂದ. ಅಲ್ಲಿ ಜನರು ದೂರು ಬರೆದಷ್ಟಕ್ಕೆ ನಿಲ್ಲಲಿಲ್ಲ; ನಕ್ಷೆಯನ್ನು ಓದಿದರು, ಇಂಜಿನಿಯರುಗಳೊಡನೆ ಕುಳಿತರು. ಇಂತಹ ಕಾರ್ಯ ವಾರ್ಡಿನಿಂದಲೇ ಆರಂಭವಾಗಬೇಕು.

ಇಷ್ಟನ್ನೆಲ್ಲ ಕೇಳಿ, ಊರು ಬೆಳೆಯಬೇಕಾದರೆ ಒಂದೆರಡು ಕೆರೆಗಳು ಹೋಗುವುದು ಅನಿವಾರ್ಯವಲ್ಲವೆ ಎಂದು ಕೇಳುವವರಿದ್ದಾರೆ. ಅನ್ನವನ್ನರಸಿ ಬಂದವರಿಗೆ ಬಾಗಿಲನ್ನು ಮುಚ್ಚಬೇಕೆಂದು ನಾವೂ ಹೇಳುವುದಿಲ್ಲ. ಬೆಳೆದ ಮಗನಿಗೆ ದೊಡ್ಡ ಅಂಗಿ ಬೇಕು. ಆದರೆ ಅಂಗಿಗಾಗಿ ಅವನ ಚರ್ಮವನ್ನೇ ಸುಲಿಯಬಾರದು. ಮುಚ್ಚಿದ ಕೆರೆಯ ನೆಲದ ಬೆಲೆಯನ್ನು ನಾವು ಎಣಿಸಿದೆವು. ನೂರು ಕಿಲೋಮೀಟರಿನ ಕೊಳವೆ, ಎಂದೆಂದಿಗೂ ತೆರಬೇಕಾದ ವಿದ್ಯುತ್ತಿನ ಹಣ, ನೆರೆಯ ನಷ್ಟ, ಟ್ಯಾಂಕರಿನ ಬಾಡಿಗೆ ಇವುಗಳನ್ನು ಅದೇ ಪುಸ್ತಕದಲ್ಲಿ ಬರೆಯಲಿಲ್ಲ. ಲೆಕ್ಕದ ಒಂದು ಪುಟವನ್ನು ಹರಿದು ಹಾಕಿ ಲಾಭವೆಂದು ಸಂತೋಷಪಡುವುದು ವಿವೇಕವಲ್ಲ.

ಆ ವಿದ್ಯಾರ್ಥಿನಿಗೆ ಕೊಡಬೇಕಾದ ಉತ್ತರವೊಂದು ಉಳಿದಿದೆ. ನಕ್ಷೆಗಳನ್ನು ತರಿಸಿ, ಚರಂಡಿಯ ಜಾಡನ್ನು ಹಿಡಿದು ನಡೆದು ಕಂಡುಕೊಂಡೆವು. ನಮ್ಮ ಕಾಲೇಜಿನ ಚಾವಣಿಯ ನೀರು ಬೀದಿಯ ಚರಂಡಿಯಿಂದ ವೃಷಭಾವತಿಗೆ ಬೀಳುತ್ತದೆ. ಬೀಳುವಾಗ ತಿಳಿಯಾಗಿದ್ದುದು ನಾಲ್ಕು ಹೆಜ್ಜೆಯೊಳಗೆ ಕಪ್ಪಾಗುತ್ತದೆ. ಕಪ್ಪಾಗಿಯೇ ಅರ್ಕಾವತಿಯನ್ನು ಸೇರಿ, ಸಂಗಮದಲ್ಲಿ ಕಾವೇರಿಯನ್ನು ಮುಟ್ಟುತ್ತದೆ. ನಾವು ಕುಡಿಯುವ ನೀರನ್ನು ಎತ್ತಿಕೊಳ್ಳುವುದು ಆ ಸಂಗಮಕ್ಕಿಂತ ಮೇಲೆ. ಆದುದರಿಂದ ನಮ್ಮ ಕೊಳೆ ನಮ್ಮ ಲೋಟಕ್ಕೆ ಮರಳಿ ಬರುವುದಿಲ್ಲ. ಕೆಳಗಣವರ ಲೋಟಕ್ಕೆ ಹೋಗುತ್ತದೆ. ಇದನ್ನು ತರಗತಿಯಲ್ಲಿ ಹೇಳಿದಾಗ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಅವರಿಗೆ ಗೊತ್ತಿದೆಯೇ ಸಾರ್, ಅದು ನಮ್ಮದೆಂದು?” ಎಂದು ಕೇಳಿದಳು. ಅವರಿಗೆ ಗೊತ್ತಿರಲಿ, ಇಲ್ಲದಿರಲಿ; ನಮಗೆ ಗೊತ್ತಾಯಿತಷ್ಟೆ. ಪೌರಧರ್ಮವು ಅಲ್ಲಿಂದ ಮೊದಲಾಗುತ್ತದೆ. ಮುಂದಿನ ಮಳೆ ಬಂದಾಗ, ತಮ್ಮ ಮನೆಯ ಚಾವಣಿಯ ನೀರು ಎಲ್ಲಿಗೆ ಹೋಗುವುದೆಂದು ಶ್ರೋತೃಗಳು ಒಮ್ಮೆ ಅದರ ಹಿಂದೆ ಹೋಗಿ ನೋಡಬೇಕೆಂದು ಬೇಡಿ ಈ ಭಾಷಣವನ್ನು ಮುಗಿಸುತ್ತೇವೆ.